ನಿನ್ನ ಮುತ್ಯಾ ಪೈಲಟ್ ಆಗಿರಲಿಲ್ಲ

ನನ್ನವ್ವಾ,

ನೀನು ಕಳಿಸಿದ ಕಾಲೇಜ್ ಮ್ಯಾಗಜೀನಿನ ಫೋಟೋ ಮೊನ್ನೆ ರಾತ್ರಿ ನೋಡಿದೆ. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿ ಮಾಡಿ ಓದಿದೆ, ನನ್ನ ಅವ್ವನಿಗೂ, ಅದೇ ನಿನ್ನ ಆಯಿಗೂ, ಓದಿ ಹೇಳಿದೆ. ಚಲೋ ಬರೆದಿದ್ದೀ. ವಿಜಯ ದಿವಸ ಅಂದರೆ ಎಲ್ಲರೂ ಇಂಟರ್‌ನೆಟ್ಟಿನಿಂದ ಎತ್ತಿ ಬರೆಯುವಾಗ ನೀನು ಮನೆಯ ಮನುಷ್ಯನ ಬಗ್ಗೆ ಬರೆದೆಯಲ್ಲ, ಖುಷಿ ಆಯಿತು. ಆದರೆ ಎರಡನೇ ಪ್ಯಾರಾದಲ್ಲಿ ಒಂದು ಸಾಲಿದೆ. ನನ್ನ ತಾತ 1971ರ ಯುದ್ಧದಲ್ಲಿ ಫೈಟರ್ ಪೈಲಟ್ ಆಗಿ ಶತ್ರು ವಿಮಾನಗಳನ್ನು ಹೊಡೆದುರುಳಿಸಿದರು ಅಂತ. ಅದನ್ನು ಓದುವಾಗ ಆಯಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಈಗ ಇದ್ದಿದ್ರ ರಾತ್ರಿನೇ ಫೋನ್ ಹಚ್ಚಿ ತಿದ್ದಸ್ತಿದ್ರು" ಅಂದಳು.

ತಾತ ಅಂತ ಬರೆದಿದ್ದನ್ನು ಬಿಟ್ಟುಬಿಡುತ್ತೇನೆ. ಬೆಂಗಳೂರಿಗೆ ಹೋಗಿ ಎರಡೇ ವರ್ಷಕ್ಕೆ ಮುತ್ಯಾ ತಾತ ಆಗಿಬಿಟ್ಟರು, ಇರಲಿ. ಪೈಲಟ್ ಅನ್ನುವುದನ್ನು ಮಾತ್ರ ಬಿಡಲು ಆಗುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಪ್ಪನ ಜೊತೆ ಬೆಳೆದವಳು ನಾನು, ಮುಖ್ಯವಾದದ್ದನ್ನು ಬರೆದು ಕೊಡಬೇಕು ಅನ್ನುವುದು ಕೈಗೆ ಅಂಟಿಕೊಂಡುಬಿಟ್ಟಿದೆ.

ತಪ್ಪು ಪೂರಾ ನಿನ್ನದಲ್ಲ. ಬೀದರಿನಲ್ಲಿ ಅರ್ಧ ಊರು ಅವರನ್ನು ಪೈಲಟ್ ಸಾಹೇಬ್ರು ಅಂತಲೇ ಕರೆಯುತ್ತಿತ್ತು. ಏರ್‌ಫೋರ್ಸ್ ಅಂದರೆ ವಿಮಾನ ಹಾರಿಸುವವರು ಅಂತ ತಾನೇ ಜನ ತಿಳಿಯುವುದು. ಅಪ್ಪ ಪ್ರತಿ ಸಲ ತಿದ್ದುತ್ತಿದ್ದರು, ಚಹಾದ ಅಂಗಡಿಯಲ್ಲಿ, ಮದುವೆ ಚಪ್ಪರದಲ್ಲಿ, ಒಮ್ಮೆ ಆಗಸ್ಟ್ 15ಕ್ಕೆ ಅತಿಥಿಯಾಗಿ ಕರೆದಿದ್ದ ಶಾಲೆಯಲ್ಲಿ ಮೈಕ್ ಹಿಡಿದುಕೊಂಡೇ. ಹೆಡ್ ಮಾಸ್ತರು ಪೈಲಟ್ ಅಂತ ಪರಿಚಯ ಮಾಡಿಕೊಟ್ಟಿದ್ದರು. ಅಪ್ಪ ಎದ್ದು ನಿಂತು ಹೇಳಿದ ಮೊದಲ ಮಾತು, "ನಾ ಪೈಲಟ್ ಅಲ್ಲ. ಪೈಲಟ್‌ನ ಬಂದೂಕಿಗಿ ಗುಂಡು ತುಂಬಾವ." ಮಕ್ಕಳು ನಕ್ಕರು. ಹೆಡ್ ಮಾಸ್ತರಿಗೆ ಬೆವರು ಬಂತು. ನನಗೆ ಆಗ ಹದಿನಾಲ್ಕು ವರ್ಷ, ನೆಲ ಬಾಯಿ ಬಿಡಬಾರದಾ ಅನ್ನಿಸಿತ್ತು.

ವಾಯುಪಡೆಯಲ್ಲಿ ಏರ್‌ಮನ್ ಅಂದರೆ ಅಧಿಕಾರಿಗಳಲ್ಲ, ಅವರ ಕೆಳಗಿನ ದರ್ಜೆಯವರು. ಎಲ್‌ಎಸಿ (ಲೀಡಿಂಗ್ ಏರ್‌ಕ್ರಾಫ್ಟ್ಸ್‌ಮನ್), ಕಾರ್ಪೊರಲ್, ಸಾರ್ಜೆಂಟ್, ಹೀಗೆ ಮೇಲೇರುತ್ತಾ ಹೋಗುತ್ತದೆ. ಒಬ್ಬೊಬ್ಬರಿಗೂ ಒಂದು ಟ್ರೇಡ್ ಇರುತ್ತದೆ. ಎಂಜಿನ್ ನೋಡುವವನು ಬೇರೆ, ರೇಡಿಯೋ ನೋಡುವವನು ಬೇರೆ. ನಿನ್ನ ಮುತ್ಯಾ ಆರ್ಮರರ್. ಗನ್ನು, ಗುಂಡು, ಬಾಂಬು, ರಾಕೆಟ್ಟು, ವಿಮಾನಕ್ಕೆ ನೇತು ಹಾಕುವುದು ಏನಿದೆಯೋ ಅದೆಲ್ಲ ಅವರ ಜವಾಬ್ದಾರಿ. ಭಾಲ್ಕಿ ತಾಲೂಕಿನ ಒಣ ಭೂಮಿಯಲ್ಲಿ ಹುಟ್ಟಿದ ಹುಡುಗ, ಮೊದಲ ಎರಡು ಮೂರು ಕ್ಲಾಸು ಉರ್ದುವಿನಲ್ಲಿ ಓದಿದವರು. ಆಗ ಬೀದರ್ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು ನೋಡು, 1956ರಲ್ಲಿ ತಾನೇ ಮೈಸೂರು ರಾಜ್ಯಕ್ಕೆ ಸೇರಿದ್ದು. 1962ರಲ್ಲಿ ಚೀನಾ ಯುದ್ಧ ಆದ ಮೇಲೆ ಸೇನೆಗೆ ಜನ ಬೇಕಾಗಿತ್ತು. 1963ರಲ್ಲಿ ಭರ್ತಿಯಾದರು. ದೇಶಭಕ್ತಿಯಿಂದ ಹೋದಿರಾ ಅಂತ ಒಮ್ಮೆ ಕೇಳಿದ್ದೆ. "ಎರಡ್ ಹೊತ್ತಿನ ಊಟ, ಬೂಟ, ಪಗಾರ ಅಂದ್ರು, ಹೋದೆ. ಭಕ್ತಿ ಆಮ್ಯಾಲ ಬಂತು" ಅಂದರು. ಜಾಲಹಳ್ಳಿ, ತಾಂಬರಂ, ಆಮೇಲೆ ಬಂಗಾಳದ ಕಲೈಕುಂಡಾ.

ಅವರು ನೋಡಿಕೊಳ್ಳುತ್ತಿದ್ದ ವಿಮಾನ ನ್ಯಾಟ್. ಹೆಸರಿನ ಅರ್ಥವೇ ನುಸಿ. ವಿನ್ಯಾಸ ಇಂಗ್ಲೆಂಡಿನದು, ಆದರೆ ನಮ್ಮ ಎಚ್‌ಎಎಲ್ ಬೆಂಗಳೂರಿನಲ್ಲೇ ತಯಾರಿಸುತ್ತಿತ್ತು. ಎಷ್ಟು ಚಿಕ್ಕದು ಅಂದರೆ ಹೆಚ್ಚಿನ ಕೆಲಸಕ್ಕೆ ಏಣಿ ಬೇಕಿರಲಿಲ್ಲ, ನೆಲದ ಮೇಲೆ ನಿಂತೇ ಮಾಡಬಹುದಿತ್ತಂತೆ. ಗಾಳಿ ಎಳೆದುಕೊಳ್ಳುವ ಬಾಯಿಯ ಎರಡೂ ಪಕ್ಕ ಒಂದೊಂದು 30 ಮಿಲಿಮೀಟರಿನ ಏಡನ್ ಗನ್ನು. ಒಂದೊಂದಕ್ಕೂ 115 ಗುಂಡು. ನಿಮಿಷಕ್ಕೆ ಸಾವಿರದ ಇನ್ನೂರರ ಮೇಲೆ ಹಾರಿಸುವ ಗನ್ನು ಅದು, ನೀನು ಎಂಜಿನಿಯರಿಂಗ್ ಹುಡುಗಿ, ಲೆಕ್ಕ ಹಾಕು. ಐದಾರು ಸೆಕೆಂಡಿನಲ್ಲಿ ಎಲ್ಲ ಖಾಲಿ. ಆ ಐದಾರು ಸೆಕೆಂಡಿಗಾಗಿ ಇವರು ಬೆಳಗಿನ ಜಾವ ಎದ್ದು ಒಂದೊಂದು ಗುಂಡನ್ನೂ ಒರೆಸಿ, ಕೊಂಡಿ ನೋಡಿ, ಬೆಲ್ಟು ಮಡಚಿ ಮಡಚಿ ತುಂಬಬೇಕು. ಬೆಲ್ಟಿನ ಒಂದು ಕೊಂಡಿ ಸೊಟ್ಟ ಇದ್ದರೂ ಗನ್ನು ಕಚ್ಚಿಕೊಳ್ಳುತ್ತದೆ. ನ್ಯಾಟಿನ ಗನ್ನು ನಡುವೆ ಕಚ್ಚಿಕೊಳ್ಳುವುದು ಆ ಕಾಲದ ದೊಡ್ಡ ತಲೆನೋವು, 1965ರಲ್ಲೂ ಹೀಗೆ ಆಗಿತ್ತು. ಮೇಲೆ ಆಕಾಶದಲ್ಲಿ ಗನ್ನು ಕಚ್ಚಿಕೊಂಡರೆ ಆ ಹುಡುಗ ಏನು ಮಾಡಬೇಕು ಹೇಳು. ಅಪ್ಪನಿಗೆ ಕನಸಿನಲ್ಲಿ ಬರುತ್ತಿದ್ದದ್ದು ಬಾಂಬು ಅಲ್ಲ, ಶತ್ರು ಅಲ್ಲ. ಒಂದು ಸೊಟ್ಟ ಕೊಂಡಿ.

1971ರ ನವೆಂಬರ್ 22ರಂದು ಅವರು ಕಲಕತ್ತೆಯ ದಮ್‌ದಮ್‌ನಲ್ಲಿದ್ದರು. ಯುದ್ಧ ಇನ್ನೂ ಅಧಿಕೃತವಾಗಿ ಶುರುವಾಗಿರಲಿಲ್ಲ, ಅದು ಡಿಸೆಂಬರ್ 3ಕ್ಕೆ. ಆ ದಿನ ಮಧ್ಯಾಹ್ನ ಪೂರ್ವ ಪಾಕಿಸ್ತಾನದ, ಅಂದರೆ ಈಗಿನ ಬಾಂಗ್ಲಾದೇಶದ, ಗಡಿಯ ಬೊಯ್ರಾ ಹತ್ತಿರ ಪಾಕಿಸ್ತಾನದ ಸೇಬರ್ ವಿಮಾನಗಳು ನಮ್ಮ ಸೈನ್ಯದ ಮೇಲೆ ಎರಗುತ್ತಿವೆ ಅಂತ ಸುದ್ದಿ ಬಂದು ನಾಲ್ಕು ನ್ಯಾಟ್ ಎದ್ದವು. ಹಾರಿಸಿದವರು ಮ್ಯಾಸಿ, ಗಣಪತಿ, ಲಾಜರಸ್, ಸೊರೆಸ್. ಗಣಪತಿ ನಮ್ಮ ಕೊಡಗಿನವರು. ಕೆಲವೇ ನಿಮಿಷದ ಕಾಳಗ. ಮೂರು ಸೇಬರ್ ಬಿದ್ದವು ಅಂತ ನಮ್ಮ ಲೆಕ್ಕ. ಪ್ಯಾರಾಶೂಟಿನಲ್ಲಿ ಇಳಿದ ಇಬ್ಬರು ಪಾಕಿಸ್ತಾನಿ ಪೈಲಟ್‌ಗಳು ಸೆರೆ ಸಿಕ್ಕರು, ಅವರಲ್ಲೊಬ್ಬರು ಪರ್ವೇಜ್ ಮೆಹದಿ ಖುರೇಶಿ, ಮುಂದೆ ಪಾಕಿಸ್ತಾನದ ವಾಯುಪಡೆಯ ಮುಖ್ಯಸ್ಥರೇ ಆದರು. ಇದೆಲ್ಲ ಪೇಪರಿನಲ್ಲಿ ಬಂದ ಸಂಗತಿ. ಅಪ್ಪ ಹೇಳುತ್ತಿದ್ದದ್ದು ಬೇರೆ. ವಿಮಾನ ಇಳಿದಾಗ ಜನರೆಲ್ಲ ಪೈಲಟ್‌ಗಳ ಕಡೆ ಓಡಿದರೆ ಆರ್ಮರರ್‌ಗಳು ಗನ್ನಿನ ಬಾಯಿಯ ಕಡೆ ಓಡಿದರಂತೆ. ಬಾಯಿ ಕಪ್ಪಾಗಿದೆಯಾ? ಕಪ್ಪಾಗಿದ್ದರೆ ಗನ್ನು ಮಾತಾಡಿದೆ. ಎಷ್ಟು ಗುಂಡು ಉಳಿದಿದೆ, ಯಾಕೆ ಉಳಿದಿದೆ. ಕೂಗಾಟ ಕುಣಿದಾಟ ಎಲ್ಲ ಮುಗಿಯುವುದರೊಳಗೆ ಇವರು ಮತ್ತೆ ಬೆಲ್ಟು ತುಂಬುತ್ತಾ ಕೂತಿದ್ದರು.

ಈಗ ಪದಕದ ವಿಷಯ. ನೀನು ಬರೆದಿದ್ದೀ, ಮೂರು ಶೌರ್ಯ ಪದಕ ಅಂತ. ಟ್ರಂಕಿನಲ್ಲಿರುವ ಪದಕಗಳು ಬೇರೆ ಬೇರೆ ಕಾರಣಕ್ಕೆ ಬಂದವು. ಸಂಗ್ರಾಮ್ ಮೆಡಲ್ ಆಗ ಸೇವೆಯಲ್ಲಿದ್ದ ಲಕ್ಷಾಂತರ ಜನರಿಗೆ ಕೊಟ್ಟದ್ದು. ಪೂರ್ವಿ ಸ್ಟಾರ್ ಪೂರ್ವ ರಂಗದಲ್ಲಿ ಯುದ್ಧದಲ್ಲಿದ್ದವರಿಗೆ. ಇನ್ನೊಂದು ದೀರ್ಘ ಸೇವೆಗೆ. ಇವು ಯಾವುದೂ ಶೌರ್ಯಕ್ಕಲ್ಲ. ಆದರೆ ಆ ಸ್ಟಾರಿನ ರಿಬ್ಬನ್ನಿನ ಮೇಲೆ ಒಂದು ಪುಟ್ಟ ಕಂಚಿನ ಎಲೆ ಇದೆ, ನೆನಪಿದೆಯಾ? ಚಿಕ್ಕವಳಿದ್ದಾಗ ಅದನ್ನು ಏನೋ ಅಂಟಿಕೊಂಡಿದೆ ಅಂತ ಉಗುರಿನಿಂದ ಕೀಳಲು ಹೋಗಿ ಬೈಸಿಕೊಂಡಿದ್ದೆ. ಅದು ಕಮಲದ ಎಲೆ. ಅದನ್ನು ಮೆನ್ಶನ್ಡ್ ಇನ್ ಡಿಸ್ಪ್ಯಾಚಸ್ ಅನ್ನುತ್ತಾರೆ. ಯುದ್ಧದ ವರದಿ ಮೇಲಕ್ಕೆ ಹೋಗುವಾಗ ಅದರಲ್ಲಿ ಈ ಮನುಷ್ಯನ ಹೆಸರನ್ನು ಎತ್ತಿ ಹೇಳಿದ್ದಾರೆ ಅಂತ ಅರ್ಥ. ಎದೆಗೆ ಹಾಕಿಕೊಳ್ಳಲು ಬೇರೆ ಪದಕವೂ ಇಲ್ಲ, ಆ ಎಲೆಯೇ ಗುರುತು. ನೀನು ಬಿಟ್ಟಿದ್ದು ಅದೊಂದನ್ನೇ ನೋಡು.

ಯಾಕೆ ಬಂತು ಅಂತ ನಾನು ಕೇಳಿ ಕೇಳಿ ಸಾಕಾಗಿದ್ದೆ. ಒಂದೇ ಸಲ ಹೇಳಿದರು, ಅದೂ ಅರ್ಧ. ಡಿಸೆಂಬರಿನ ಒಂದು ರಾತ್ರಿ ಮರಳಿ ಬಂದ ವಿಮಾನದ ಗನ್ನಿನಲ್ಲಿ ಜೀವಂತ ಗುಂಡು ಸಿಕ್ಕಿಹಾಕಿಕೊಂಡಿತ್ತು. ಬೆಳಕು ಹಚ್ಚುವಂತಿಲ್ಲ, ಬ್ಲ್ಯಾಕ್‌ಔಟ್. ಬೆಳಿಗ್ಗೆ ಆ ವಿಮಾನ ಮತ್ತೆ ಏಳಲೇಬೇಕು. ಉಳಿದವರನ್ನು ದೂರ ಕಳಿಸಿ ಇವರು ಕೈಯಿಂದ ತಡಕಿ ತಡಕಿ ತೆಗೆದರು. ಎಡಗೈಯ ನಡುಬೆರಳಿನ ತುದಿ ಚಪ್ಪಟೆ ಇತ್ತಲ್ಲ, ಅದು ಆ ರಾತ್ರಿಯದು. ಎಷ್ಟು ಹೊತ್ತು ಹಿಡೀತು ಅಂತ ಕೇಳಿದೆ. "ಗಡಿಯಾರ ನೋಡ್ಲಾಕ್ ಮೂರನೇ ಕೈ ಇರ್ಲಿಲ್ಲ" ಅಂದರು. ಅಷ್ಟೇ. ಎದ್ದು ಹೋಗಿ ಎಮ್ಮೆಗೆ ನೀರು ಕುಡಿಸಿದರು.

1983ರಲ್ಲಿ ಇಪ್ಪತ್ತು ವರ್ಷ ಮುಗಿಸಿ ಸಾರ್ಜೆಂಟ್ ಆಗಿ ನಿವೃತ್ತಿಯಾಗಿ ಬಂದಾಗ ಅವರಿಗೆ ನಲವತ್ತು ಕೂಡ ತುಂಬಿರಲಿಲ್ಲ. ಹಳ್ಳಿಗೆ ಹೋಗದೆ ಬೀದರಿನಲ್ಲೇ, ಚಿದ್ರಿ ಕಡೆ ಮನೆ ಮಾಡಿದರು. ಕಾರಣ ಗೊತ್ತೇ ಇದೆ. ಎರಡನೇ ಮಹಾಯುದ್ಧದ ಕಾಲದ ಹಳೆಯ ವಿಮಾನ ನೆಲೆ, 1963ರಿಂದ ವಾಯುಪಡೆಯ ಹುಡುಗರು ಹಾರುವುದನ್ನು ಕಲಿಯುವ ಜಾಗ, ಅದರ ಸದ್ದು ಕಿವಿಗೆ ಬೇಕಿತ್ತು. 1996ರಲ್ಲಿ ಸೂರ್ಯಕಿರಣ ತಂಡ ಇಲ್ಲೇ ಹುಟ್ಟಿತಲ್ಲ, ಒಂಬತ್ತು ವಿಮಾನ ರೆಕ್ಕೆಗೆ ರೆಕ್ಕೆ ತಾಗುವ ಹಾಗೆ ಹೋದರೆ ಊರಿಗೆ ಊರೇ ಮಾಳಿಗೆ ಏರುತ್ತಿತ್ತು. ಅಪ್ಪ ಮಾತ್ರ ರೊಟ್ಟಿ ಮುರಿಯುತ್ತಾ ಕೂತೇ ಇರುತ್ತಿದ್ದರು. ಆದರೆ ಯಾವುದೋ ಟ್ರೇನಿ ಹುಡುಗ ಇಳಿಯಲು ಬಂದು, ಸರಿ ಹೋಗದೆ, ಮತ್ತೆ ಎಂಜಿನ್ ಏರಿಸಿಕೊಂಡು ಸುತ್ತು ಹೊಡೆಯುವ ಸದ್ದು ಕೇಳಿದರೆ ತಟ್ಟೆ ಬಿಟ್ಟು ಅಂಗಳಕ್ಕೆ ಬರುತ್ತಿದ್ದರು. ಅವನು ಇಳಿಯುವ ತನಕ ನಿಂತಿರುತ್ತಿದ್ದರು. ನಿನಗೆ ಹತ್ತು ವರ್ಷ ಇದ್ದಾಗ, 2016ರಲ್ಲಿ, ವಾಯುಪಡೆಯ ಮೊದಲ ಮೂರು ಹುಡುಗಿಯರು ಫೈಟರ್ ಪೈಲಟ್ ಆಗಲು ಇಲ್ಲಿಗೇ ಬಂದಿದ್ದರು, ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್. ಹಾಕ್ ವಿಮಾನದಲ್ಲಿ ಕಲಿಯಲು. ನೀನು ಅಂಗಳದಲ್ಲಿ ನಿಂತು ಪ್ರತಿ ವಿಮಾನಕ್ಕೂ "ಇದ್ರಾಗ ಹುಡುಗಿ ಅದಾಳಾ ಮುತ್ಯಾ" ಅಂತ ಕೇಳುತ್ತಿದ್ದೆ. ಅವರು ಕಣ್ಣು ಕಿರಿದು ಮಾಡಿ ನೋಡಿ ಗಂಭೀರವಾಗಿ "ಹೂಂ, ಇದ್ರಾಗ ಅದಾಳ" ಅನ್ನುತ್ತಿದ್ದರು. ಜೀವನದಲ್ಲಿ ಅವರು ಹೇಳಿದ ಸುಳ್ಳು ಅದೊಂದೇ ಇರಬೇಕು.

ನಿನ್ನ ಲೇಖನದಲ್ಲಿ ಪೂರಾ ಬಿಟ್ಟುಹೋಗಿರುವುದು ಇನ್ನು ಮುಂದಿನದು. ನಿವೃತ್ತಿಯಾದ ಮೇಲಿನ ನಲವತ್ತು ವರ್ಷವನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀ, ಮಾಜಿ ಸೈನಿಕರ ಸಂಘದ ಅಧ್ಯಕ್ಷರಾಗಿ ಸಮಾಜ ಸೇವೆ ಮಾಡಿದರು ಅಂತ. ಸಮಾಜ ಸೇವೆ! ಆ ಮಾತು ಕೇಳಿದರೆ ಅವರಿಗೆ ನಗು ಬರುತ್ತಿತ್ತು.

ಮಾಡಿದ್ದು ಕಾಗದದ ಕೆಲಸ. ನಮ್ಮ ಭಾಗದಿಂದ ಸೇನೆಗೆ ಹೋದವರು ಕೊಡಗಿನ ಹಾಗೆ, ಬೆಳಗಾವಿಯ ಹಾಗೆ ಊರಿಗೆ ಊರೇ ಅಲ್ಲ. ಒಂದು ಹಳ್ಳಿಗೆ ಒಬ್ಬ, ಎರಡು ಹಳ್ಳಿಗೆ ಒಬ್ಬ. ಅವನು ತೀರಿಕೊಂಡರೆ ಹೆಂಡತಿಗೆ ಯಾರ ಹತ್ತಿರ ಹೋಗಬೇಕು ಅಂತಲೇ ಗೊತ್ತಿರುವುದಿಲ್ಲ, ಪಕ್ಕದ ಮನೆಯಲ್ಲಿ ಕೇಳೋಣ ಅಂದರೆ ಅಲ್ಲಿ ಇನ್ನೊಬ್ಬ ಸೈನಿಕನ ಹೆಂಡತಿ ಇರುವುದಿಲ್ಲ. ಔರಾದ್, ಹುಮನಾಬಾದ್, ಬಸವಕಲ್ಯಾಣದ ಕಡೆಯಿಂದ ಬಸ್ಸು ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ಸೀರೆಯ ಸೆರಗಿನಲ್ಲೋ ಪ್ಲಾಸ್ಟಿಕ್ ಚೀಲದಲ್ಲೋ ಸುತ್ತಿದ ಕಾಗದ. ಡಿಸ್ಚಾರ್ಜ್ ಬುಕ್ಕು, ಪಿಪಿಒ ಅಂದರೆ ಪಿಂಚಣಿಯ ಆದೇಶ, ಒಮ್ಮೊಮ್ಮೆ ಗಂಡನ ಫೋಟೋ ಒಂದೇ. ಮಾಳಿಗೆ ಮೆಟ್ಟಿಲ ಕೆಳಗೆ ಕಬ್ಬಿಣದ ಮೇಜು, ಅದೇ ಆಫೀಸು. ನನ್ನ ಕೈಬರಹ ದುಂಡಗಿತ್ತು ಅಂತ ಹನ್ನೆರಡನೇ ವಯಸ್ಸಿಗೇ ನನ್ನನ್ನು ಕೂರಿಸಿದರು. ಕಾರ್ಬನ್ ಇಟ್ಟು ಮೂರು ಪ್ರತಿ. ಒಂದು ಕಳಿಸಲು, ಒಂದು ಆಕೆಗೆ, ಒಂದು ನಮ್ಮ ಫೈಲಿಗೆ. ಗೆಳತಿಯರೆಲ್ಲ ಕೋಟೆ ಕಡೆ ಆಡಲು ಹೋದರೆ ನಾನು "ಮಾನ್ಯರೇ" ಬರೆಯುತ್ತಾ ಕೂತಿರುತ್ತಿದ್ದೆ, ಎಷ್ಟು ಸಿಟ್ಟು ಬರುತ್ತಿತ್ತು ಗೊತ್ತಾ.

ಸಮಸ್ಯೆ ಹತ್ತರಲ್ಲಿ ಏಳು ಸಲ ಒಂದೇ. ಹೆಸರು. ನಮ್ಮ ಕಡೆ ಹೆಂಗಸರಿಗೆ ಒಂದು ಕಾಗದದಲ್ಲಿ ಹೆಸರಿನ ಕೊನೆಗೆ ಅಮ್ಮ ಇದ್ದರೆ ಇನ್ನೊಂದರಲ್ಲಿ ಬಾಯಿ ಇರುತ್ತದೆ, ತವರಿನ ಹೆಸರು ಒಂದು, ಗಂಡನ ಮನೆಯಲ್ಲಿ ಅಕ್ಕಿಯಲ್ಲಿ ಬರೆಸಿದ ಹೆಸರು ಇನ್ನೊಂದು. ಎಲ್ಲೋ ದೂರದ ಕ್ಯಾಂಪಿನಲ್ಲಿ ಕನ್ನಡ ಗೊತ್ತಿಲ್ಲದ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದುಕೊಂಡಿರುತ್ತಾನೆ. ಸೇನೆಯಲ್ಲಿ ಮದುವೆ, ಮಕ್ಕಳು, ಇಂಥದ್ದು ದಾಖಲಾಗುವುದು ಪಾರ್ಟ್ ಟು ಆರ್ಡರ್ ಅನ್ನುವುದರಲ್ಲಿ. ಅದರಲ್ಲಿ ಇಲ್ಲ ಅಂದರೆ ಹೆಂಡತಿಯೇ ಇಲ್ಲ. ಕಣ್ಣೆದುರು ಕುಂಕುಮ ಅಳಿಸಿಕೊಂಡು ಕೂತಿದ್ದಾಳೆ, ಕಾಗದದ ಪ್ರಕಾರ ಆಕೆ ಹುಟ್ಟೇ ಇಲ್ಲ.

ಔರಾದ್ ಕಡೆಯ ಒಬ್ಬಾಕೆ ಬಗ್ಗೆ ಹೇಳುತ್ತೇನೆ. ಗಂಡ 1965ರಲ್ಲಿ ಹೋರಾಡಿದ ಸಿಪಾಯಿ, ಪಿಂಚಣಿ ಬರುತ್ತಿತ್ತು, ತೀರಿಕೊಂಡ. ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದರೆ, ನಮ್ಮ ದಾಖಲೆಯಲ್ಲಿ ಈ ಹೆಸರಿನ ಪತ್ನಿ ಇಲ್ಲ ಅಂತ ಒಂದು ಸಾಲಿನ ಉತ್ತರ. ಮದುವೆಯಾದದ್ದು ನಿಜಾಮರ ಕಾಲ ಮುಗಿದ ಹೊಸದರಲ್ಲಿ, ಕಾಗದ ಯಾರು ಮಾಡುತ್ತಾರೆ. ಅಪ್ಪ ಆ ಹಳ್ಳಿಗೆ ಹೋಗಿ ಎರಡು ದಿನ ಕೂತು ಹಳೆಯ ಜಮೀನಿನ ಕಾಗದ ಹುಡುಕಿದರು, ಎಲ್ಲ ಉರ್ದುವಿನಲ್ಲಿ. ಬೇರೆಯವರಿಗೆ ಓದಲು ಬರುತ್ತಿರಲಿಲ್ಲ, ಇವರಿಗೆ ಬಂತು. ಒಂದರಲ್ಲಿ ಆಕೆಯ ಹೆಸರು, ಪಕ್ಕದಲ್ಲಿ ಇಂಥವನ ಹೆಂಡತಿ ಅಂತ. ಅದರ ತರ್ಜುಮೆ ಮಾಡಿಸಿ, ನೋಟರಿ ಮಾಡಿಸಿ ಕಳಿಸಿದರೆ ಆ ಕಚೇರಿ ಈ ಕಚೇರಿಗೆ ಬರೆಯಿತು, ಈ ಕಚೇರಿ ಆ ಕಚೇರಿಗೆ. ಯಾವ ಕಚೇರಿ ಅಂತ ಹೇಳುವುದಿಲ್ಲ ಬಿಡು, ಎಲ್ಲವೂ ಹಾಗೇ ಇದ್ದವು. ನಾಲ್ಕು ವರ್ಷ. ನಮ್ಮ ಫೈಲಿನಲ್ಲಿ ಆಕೆಯ 41 ಪತ್ರದ ಪ್ರತಿ ಇವೆ, ಎಲ್ಲ ನನ್ನ ಕೈಬರಹ, ಮೊದಲನೆಯದರಲ್ಲಿ ಅಕ್ಷರ ಮಕ್ಕಳದ್ದು, ಕೊನೆಯದರಲ್ಲಿ ದೊಡ್ಡವರದ್ದು. ಮಂಜೂರಾದ ದಿನ ಆಕೆ ಅರ್ಧ ಚೀಲ ಕಡಲೆ ಹೊತ್ತುಕೊಂಡು ಬಂದಳು. ಹಣ ಎಷ್ಟು ಅಂತ ಕೇಳಲಿಲ್ಲ. ಕಾಗದ ಅಪ್ಪನ ಕೈಗೆ ಕೊಟ್ಟು "ನನ್ ಹೆಸರ್ ಎಲ್ಲದ, ತೋರಸ್ರಿ" ಅಂದಳು. ಅಪ್ಪ ಆ ಚಪ್ಪಟೆ ಬೆರಳಿನಿಂದ ತೋರಿಸಿದರು. ಆಕೆಗೆ ಓದಲು ಬರುತ್ತಿರಲಿಲ್ಲ, ಆದರೂ ಬಹಳ ಹೊತ್ತು ನೋಡಿದಳು. (ಕಡಲೆ ವಾಪಸ್ ಕಳಿಸಿದರು. ಆಯಿಗೆ ಇವತ್ತಿಗೂ ಆ ಸಿಟ್ಟು ಹೋಗಿಲ್ಲ.)

1988ರ ಒಂದು ಪೇಪರ್ ತುಂಡು ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದೆ, ನೀನು ನೋಡಿರಬೇಕು. ಅದು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರದ್ದು. ಅವರೂ ಕೊಡಗಿನವರು. 1965ರ ಸೆಪ್ಟೆಂಬರ್ 7ರಂದು ನಮ್ಮ ಮಿಸ್ಟೀರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೋದವು. ದೇವಯ್ಯ ಆ ದಾಳಿಗೆ ಸ್ಟ್ಯಾಂಡ್‌ಬೈ, ಯಾರಾದರೂ ಹಿಂದೆ ಸರಿದರೆ ಮಾತ್ರ ಅವರಿಗೆ ಜಾಗ. ಒಂದು ವಿಮಾನ ಹಿಂದೆ ಸರಿಯಿತು, ಇವರು ಹೋದರು. ಮರಳುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಎದುರಾಯಿತು, ಅಮೆರಿಕದಲ್ಲಿ ತಯಾರಾದದ್ದು, ಶಬ್ದಕ್ಕಿಂತ ಎರಡು ಪಟ್ಟು ವೇಗದ್ದು. ಇವರದ್ದು ಅದರ ಮುಂದೆ ಎತ್ತಿನ ಗಾಡಿ. ಆದರೂ ಅದನ್ನು ಹೊಡೆದು ಬೀಳಿಸಿದರು, ತಾವೂ ಉಳಿಯಲಿಲ್ಲ. ನಮ್ಮವರು ಯಾರೂ ಕಣ್ಣಾರೆ ನೋಡಿರಲಿಲ್ಲ. ಕಾಣೆಯಾಗಿದ್ದಾರೆ ಅಂತ ಬರೆದರು. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ಕಡೆಯಿಂದ ಕೇಳಿ ಬರೆದಾಗಲೇ, ಆ ಸ್ಟಾರ್‌ಫೈಟರ್ ಬಿದ್ದದ್ದು ಮಿಸ್ಟೀರ್‌ನಿಂದ ಅಂತ ಹೊರಗೆ ಬಂದದ್ದು. ಮಹಾವೀರ ಚಕ್ರ ಕೊಟ್ಟದ್ದು 1988ರಲ್ಲಿ. ಇಪ್ಪತ್ಮೂರು ವರ್ಷ. ಅವರ ಹೆಂಡತಿ ಹೋಗಿ ತೆಗೆದುಕೊಂಡರು. ಯಾರಾದರೂ ಹೆಣ್ಣುಮಗಳು ಆರು ತಿಂಗಳಾಯಿತು ಉತ್ತರ ಬಂದಿಲ್ಲ ಅಂತ ಅತ್ತರೆ ಅಪ್ಪ ಟ್ರಂಕು ತೆಗೆದು ಆ ತುಂಡು ತೋರಿಸಿ, "ನೋಡವ್ವಾ, ಮಹಾವೀರ ಚಕ್ರದ್ ಕಾಗದಕ್ಕೇ ಇಪ್ಪತ್ಮೂರ್ ವರ್ಷ" ಅನ್ನುತ್ತಿದ್ದರು. ಸಮಾಧಾನ ಮಾಡುವ ರೀತಿನಾ ಅದು? ಆಕೆ ಇನ್ನೂ ಜಾಸ್ತಿ ಅಳುತ್ತಿದ್ದಳು.

ಸಂಘದವರು ಅಧ್ಯಕ್ಷ ಮಾಡಿದ್ದು ಆಮೇಲೆ. ಅದರಲ್ಲಿ ಜಗಳಗಳೂ ಇದ್ದವು, ಎಲ್ಲ ಸಂಘಗಳ ಹಾಗೆ. ಅಧಿಕಾರಿಯಾಗಿದ್ದವರು ಇರುವಾಗ ಸಾರ್ಜೆಂಟ್ ಯಾಕೆ ಅಂತ ಕೆಲವರು ಅಂದರು. ಇನ್ನು ಕೆಲವರಿಗೆ ಸಂಘ ಅಂದರೆ ಮಿಲಿಟರಿ ಕ್ಯಾಂಟೀನ್ ಬಾಟಲಿ. ನಮ್ಮ ನೆಂಟರಲ್ಲೂ ಅರ್ಧ ಜನರಿಗೆ ಅಪ್ಪ ನೆನಪಾಗುತ್ತಿದ್ದದ್ದು ಮದುವೆ ಸೀಜನ್ನಿನಲ್ಲಿ, ರಮ್ ಸಿಗ್ತದಾ ಅಂತ. ಡಿಸೆಂಬರ್ 7ಕ್ಕೆ ಧ್ವಜ ದಿನದ ಪುಟ್ಟ ಬಾವುಟಗಳ ಡಬ್ಬಿ ಹಿಡಿದು ಕಚೇರಿ ಕಚೇರಿ ಸುತ್ತುತ್ತಿದ್ದರು, ಹತ್ತು ರೂಪಾಯಿಗೂ ರಸೀದಿ ಬರೆದು ಕೊಡುತ್ತಿದ್ದರು.

ಒಂದು ಶ್ರೇಣಿ ಒಂದು ಪಿಂಚಣಿ ಗಲಾಟೆ ನಿನಗೆ ಸ್ವಲ್ಪ ನೆನಪಿರಬಹುದು. ಒಂದೇ ದರ್ಜೆ, ಒಂದೇ ಅಷ್ಟು ವರ್ಷ ಸೇವೆ, ಆದರೆ 1983ರಲ್ಲಿ ಬಿಟ್ಟವನಿಗೆ ಒಂದು ಪಿಂಚಣಿ, 2006ರ ನಂತರ ಬಿಟ್ಟವನಿಗೆ ಅದಕ್ಕಿಂತ ಎಷ್ಟೋ ಹೆಚ್ಚು. ಹಳಬರಿಗೆ ವಯಸ್ಸಾದಷ್ಟೂ ಅನ್ಯಾಯ ಜಾಸ್ತಿ. 2015ರ ಜೂನಿನಿಂದ ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಕೂತರು. ಅಪ್ಪನಿಗೆ 71, ಬೇಡ ಬೇಡ ಅಂದರೂ ಆಗಸ್ಟಿನಲ್ಲಿ ರೈಲು ಹತ್ತಿಬಿಟ್ಟರು, ರೊಟ್ಟಿ ಶೇಂಗಾ ಹಿಂಡಿ ಕಟ್ಟಿಕೊಂಡು. ಐದು ದಿನ ಅಲ್ಲೇ ಇದ್ದು ಕಾಲು ಊದಿಸಿಕೊಂಡು ಬಂದರು. ಸೆಪ್ಟೆಂಬರಿನಲ್ಲಿ ಘೋಷಣೆ ಆಯಿತು, ನವೆಂಬರ್ 7ಕ್ಕೆ ಆದೇಶ, 2014ರ ಜುಲೈ 1ರಿಂದ ಲೆಕ್ಕ. ಎಲ್ಲರೂ ಪೇಡೆ ಹಂಚಿದರೆ ಇವರು ಆದೇಶ ಪೂರಾ ಓದಿ ಮುಖ ಗಂಟು ಹಾಕಿಕೊಂಡು ಕೂತರು. ವರ್ಷ ವರ್ಷ ಸರಿ ಮಾಡಬೇಕು ಅಂತ ಕೇಳಿದ್ದು, ಐದು ವರ್ಷಕ್ಕೊಮ್ಮೆ ಅಂತ ಕೊಟ್ಟಿದ್ದಾರೆ ಅಂತ. ಮರುದಿನದಿಂದ ಯಾರಿಗೆ ಎಷ್ಟು ಬರಬೇಕು ಅಂತ ಕೋಷ್ಟಕ ಹಿಡಿದು ಲೆಕ್ಕ ಶುರು.

ಇಷ್ಟೆಲ್ಲ ಮಾಡಿದ ಮನುಷ್ಯ ತನ್ನ ಮನೆಯ ಕಾಗದ ಹೇಗಿಟ್ಟಿದ್ದರು ಗೊತ್ತಾ? ಇದನ್ನು ನಿನಗೆ ಹೇಳಿರಲಿಲ್ಲ. 2022ರಲ್ಲಿ ಅವರು ಹೋದಾಗ ನೀನು ಹತ್ತನೇ ಕ್ಲಾಸು ಮುಗಿಸಿದ್ದೆ, ನಿನ್ನ ಮುಂದೆ ಯಾಕೆ ಅಂತ ಸುಮ್ನಿದ್ದೆವು. ಆಯಿಯ ಕುಟುಂಬ ಪಿಂಚಣಿಗೆ ಕಾಗದ ಕೊಟ್ಟರೆ ಬ್ಯಾಂಕಿನವರು ವಾಪಸ್ ಮಾಡಿದರು. ದಾಖಲೆಯಲ್ಲಿ ಬಾಯಿ, ಆಧಾರಿನಲ್ಲಿ ಅಮ್ಮ. ನನಗೆ ಮೊದಲು ನಗು ಬಂತು, ಆಮೇಲೆ ಎಷ್ಟು ಸಿಟ್ಟು ಬಂತು ಅಂದರೆ ಫೋಟೋದ ಮುಂದೆ ನಿಂತು ಬೈದೆ. ಊರಿನ ಹೆಂಗಸರ ಹೆಸರೆಲ್ಲ ತಿದ್ದಿಸಿದಿರಿ, ನಿಮ್ಮ ಹೆಂಡತಿಯದ್ದು? ಅವರ ಡೈರಿಗಳನ್ನು ತೆಗೆದು ನೋಡಿದೆ. 1994ರ ಡೈರಿಯಲ್ಲಿ, ಮಾಡಬೇಕಾದ ಕೆಲಸಗಳ ಪಟ್ಟಿಯ ಕೊನೆಗೆ, ನಮ್ಮದೂ ತಿದ್ದಿಸಬೇಕು ಅಂತ ಇದೆ. 1995ರಲ್ಲೂ ಇದೆ. 2003ರಲ್ಲೂ ಇದೆ. ಪ್ರತಿ ವರ್ಷ ಪಟ್ಟಿಯ ಕೊನೆಗೆ. ಆಯಿಗೆ ತೋರಿಸಿದರೆ ಆಕೆ ಸಿಟ್ಟೂ ಮಾಡಲಿಲ್ಲ, ಅಳಲೂ ಇಲ್ಲ. "ಸಾಲಾಗ ಕೊನಿಗಿ ನಿಂದ್ರಸಿದ್ರು, ನಾ ಎಲ್ಲಿ ಓಡಿ ಹೋಗ್ತಿದ್ದೆ" ಅಂದಳು. ನನಗೆ ಮಾತ್ರ ಆ ಸಿಟ್ಟು ಪೂರಾ ಇಳಿದಿಲ್ಲ, ನಿಜ ಹೇಳಬೇಕು ಅಂದರೆ.

ಹದಿನಾಲ್ಕು ತಿಂಗಳು ಹಿಡಿಯಿತು. ಅಫಿಡವಿಟ್ಟು, ಪೇಪರ್ ಪ್ರಕಟಣೆ, ಇಬ್ಬರೂ ಒಟ್ಟಿಗಿರುವ ಹಳೆಯ ಫೋಟೋ. ಪತ್ರ ಹೇಗೆ ಬರೆಯಬೇಕು ಅಂತ ತಿಳಿಯದೆ ಮೆಟ್ಟಿಲ ಕೆಳಗಿನ ಫೈಲು ತೆಗೆದೆ. ಔರಾದಿನ ಆಕೆಯ ಪತ್ರ ಸಿಕ್ಕಿತು. ನಾನೇ ಬರೆದದ್ದು, ಅವರು ಹೇಳಿ ಬರೆಸಿದ್ದು. ಅದನ್ನೇ ಸಾಲಿಗೆ ಸಾಲು ನಕಲು ಮಾಡಿದೆ. ಹೆಸರು, ನಂಬರು, ತಾರೀಖು ಮಾತ್ರ ಬದಲಾಯಿಸಿದೆ.

ಅದಕ್ಕೇ ಹೇಳುವುದು, ಆ ಪೈಲಟ್ ಅನ್ನುವುದನ್ನು ತಿದ್ದಿಸು. ನಿಮ್ಮ ಮ್ಯಾಗಜೀನಿನ ಮುಂದಿನ ಸಂಚಿಕೆ ಯಾವಾಗ ಬರುತ್ತದೆ ಕೇಳು. ತಿದ್ದುಪಡಿ ಅಂತ ಚಿಕ್ಕದಾಗಿ ಹಾಕಿದರೂ ಸಾಕು. ಹೀಗೆ ಬರೆ. ಸಾರ್ಜೆಂಟ್, ಟ್ರೇಡ್ ಆರ್ಮರರ್, ಪೂರ್ವಿ ಸ್ಟಾರ್, ಮೆನ್ಶನ್ಡ್ ಇನ್ ಡಿಸ್ಪ್ಯಾಚಸ್. ಸರ್ವಿಸ್ ನಂಬರು ಬೇಡ. ಹೆಸರಿನ ಸ್ಪೆಲ್ಲಿಂಗ್ ಡಿಸ್ಚಾರ್ಜ್ ಬುಕ್ಕಿನಲ್ಲಿ ಇರುವ ಹಾಗೇ ಇರಲಿ, ಅದರ ಫೋಟೋ ನಾಳೆ ಬೆಳಕಿನಲ್ಲಿ ತೆಗೆದು ಕಳಿಸುತ್ತೇನೆ. ಎಲೆ ಕಾಣುವ ಹಾಗೆ ಪದಕದ ಫೋಟೋನೂ ಕಳಿಸುತ್ತೇನೆ. ಸಂಪಾದಕರು ಯಾರೋ ಗೆಳತಿಯೇ ಅಂದಿದ್ದೆಯಲ್ಲ, ನಾಚಿಕೆ ಪಡಬೇಡ.

ಆಯಿ ಕೇಳುತ್ತಿದ್ದಾಳೆ, ಶೇಂಗಾ ಹಿಂಡಿ ಮುಗಿದಿದೆಯಾ ಅಂತ. ಶನಿವಾರ ಪಕ್ಕದ ಮನೆಯ ಹುಡುಗ ಬೆಂಗಳೂರಿಗೆ ಬರುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಡಬ್ಬಿ ಮಾತ್ರ ವಾಪಸ್ ತರಬೇಕು, ಹೋದ ಸಲದ ಎರಡು ಇನ್ನೂ ನಿನ್ನ ಹತ್ತಿರವೇ ಇವೆ.

ನಿನ್ನ ಅವ್ವ
ಬೀದರ್